ಕೇಪಿಲ್ಲದ ಕೋವಿ

"ಇದು ಮ್ಯೂಸಿಯಮ್ಮಿನಲ್ಲಿ ಇರಬೇಕಾದ ಸಾಮಾನು!" ಎಂದು ತರಬೇತಿ ಕೊಡಲು ಬಂದಿದ್ದ ಓಂಕಾರ್ ಹಾಲೇಶಪ್ಪನ ಕೋವಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದ. ಹೊನ್ನಾಳಿಯ ಸಮುದಾಯ ಭವನದಲ್ಲಿ ಕೂತಿದ್ದ ಮೂವತ್ತು ಜನರಲ್ಲಿ ಅರ್ಧದಷ್ಟು ಮಂದಿ ನಕ್ಕರು. ನಗದೆ ಇದ್ದವರಲ್ಲಿ ಎರಡನೆಯ ಸಾಲಿನ ಉಚ್ಚಂಗೆಮ್ಮ ಒಬ್ಬಳು. ಹಾಲೇಶಪ್ಪ ಅವಳ ಗಂಡ. ಅವನು ತೀರಿಕೊಂಡು ಹದಿನಾರು ತಿಂಗಳಾಗಿತ್ತು, ಅವನ ಕೋವಿ ಪೊಲೀಸ್ ಠಾಣೆ ಸೇರಿ ಹದಿನೆಂಟು ತಿಂಗಳು. ಇಷ್ಟು ದಿನದ ಮೇಲೆ ಅದನ್ನು ಕಣ್ಣಾರೆ ಕಂಡದ್ದು ಹೀಗೆ, ಯಾರೋ ಗುರುತುಪರಿಚಯವಿಲ್ಲದವನು ಸಂತೆಯಲ್ಲಿ ಕೋಳಿ ಎತ್ತಿ ತೋರಿಸಿದ ಹಾಗೆ ತೋರಿಸುವಾಗ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ತಾಲ್ಲೂಕಿನಿಂದ ಅವತ್ತು ಅಲ್ಲಿಗೆ ಬಂದವರೆಲ್ಲ ಒಂದೇ ಕೆಲಸಕ್ಕೆ ಬಂದವರು. ಬೆಳೆ ಕಾಯಲೆಂದು ಸರ್ಕಾರ ಕೊಟ್ಟ ಕೋವಿಯ ಪರವಾನಗಿ ಅಪ್ಪನದೋ ಗಂಡನದೋ ಹೆಸರಿನಲ್ಲಿತ್ತು. ಅವರು ತೀರಿಕೊಂಡಿದ್ದರು. ಈಗ ಅದು ಇವರ ಹೆಸರಿಗೆ ಆಗಬೇಕಿತ್ತು. ಆಗಬೇಕಾದರೆ ಒಂದು ದಿನದ ತರಬೇತಿ ಮುಗಿಸಿ, ಇವರಿಗೆ ಕೋವಿ ಹಿಡಿಯಲು ಬರುತ್ತದೆಂದು ತರಬೇತುದಾರನ ಸಹಿ ಇರುವ ಸರ್ಟಿಫಿಕೇಟು ತೆಗೆದುಕೊಳ್ಳಬೇಕು. ಅದು ಸಿಕ್ಕರೆ ಕೋವಿ ಮನೆಗೆ. ಸಿಗದಿದ್ದರೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಗರಗಸದ ಬಾಯಿಗೆ. ಐವತ್ತೆಂಟು ವರ್ಷದ ಉಚ್ಚಂಗೆಮ್ಮ ಇದಕ್ಕಾಗಿ ಎಷ್ಟು ಸಲ ಯಾವ ಯಾವ ಕಚೇರಿಯ ಬಾಗಿಲಲ್ಲಿ ನಿಂತಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ. "ಹೆಂಗಸಿಗೆ ಕೋವಿ ಯಾಕಮ್ಮಾ?" ಎಂದು ಕೇಳಿದವರೆಲ್ಲರಿಗೂ ಅವಳು ಒಂದೇ ಉತ್ತರ ಕೊಟ್ಟಿದ್ದಳು. "ಹಂದಿ ಗಂಡ್ಸು ಹೆಂಗ್ಸು ಅಂತ ನೋಡ್ಕಂಡು ಹೊಲಕ್ಕೆ ಬರ್ತಾವೇನ್ರಿ?"

ಸವಳಂಗದ ಆಚೆ ಕಾಡಿಗೆ ಅಂಟಿಕೊಂಡಂತೆ ಅವಳದು ಮೂರು ಎಕರೆ ಮೆಕ್ಕೆಜೋಳ. ತೆನೆ ಹಾಲುಗಾಳು ಕಟ್ಟಿದ ವಾಸನೆ ಹಂದಿಗೆ ಅದೆಲ್ಲಿಂದ ಸಿಗುತ್ತದೋ, ಹಿಂಡುಗಟ್ಟಿ ಇಳಿಯುತ್ತವೆ. ಕೊಲ್ಲುವ ಮಾತಲ್ಲ. ಆಕಾಶಕ್ಕೆ ಒಂದು ಸಲ ಢಂ ಎನ್ನಿಸಿದರೆ ಸಾಕು, ನಾಲ್ಕು ದಿನ ಆ ಕಡೆ ಮೂತಿ ಹಾಕುವುದಿಲ್ಲ. ಹೋದ ವರ್ಷ ಕೋವಿ ಇರಲಿಲ್ಲ. ಉಚ್ಚಂಗೆಮ್ಮ ಎಣ್ಣೆಯ ಡಬ್ಬ ಬಡಿದಳು, ಪಟಾಕಿ ಹಚ್ಚಿದಳು, ಹೊಲದ ಸುತ್ತ ಹಳೆಯ ಸೀರೆ ಕಟ್ಟಿದಳು, ಕಡೆಗೆ ಗಂಟಲು ಹರಿಯುವ ಹಾಗೆ ಬೈದಳು. ಹಂದಿಗಳು ಬೈಗುಳ ಕೇಳಿಸಿಕೊಳ್ಳುತ್ತಲೇ ತಿಂದವು. ಕಟಾವಿಗೆ ಉಳಿದದ್ದು ಮುಕ್ಕಾಲು ಎಕರೆ. ಈ ವರ್ಷದ ಪೈರು ಇನ್ನು ಹತ್ತು ದಿನದಲ್ಲಿ ಹಾಲುಗಾಳಿಗೆ ಬರುವುದಿತ್ತು. ಇವತ್ತು ಸರ್ಟಿಫಿಕೇಟು ಸಿಗಲೇಬೇಕು, ಸಿಗದೆ ಮನೆಗೆ ಹೋಗುವುದಿಲ್ಲ ಎಂದು ಹಠ ಹೊತ್ತು ಬಂದಿದ್ದಳು.

ಹಠ ಹೊತ್ತು ಬಂದದ್ದೇನೋ ಸರಿ, ಜೊತೆಗೆ ಹೊಟ್ಟೆಯೊಳಗೆ ಒಂದು ಗುಟ್ಟನ್ನೂ ಹೊತ್ತು ತಂದಿದ್ದಳು.

ಅದು ಕೇಪಿನ ಕೋವಿ. ಅದಕ್ಕೆ ಬಾಯಿಯಿಂದ ಮದ್ದು ಸುರಿಯಬೇಕು, ಮೇಲೆ ತೆಂಗಿನ ನಾರು, ಸೀಸದ ಚರೆ, ಮತ್ತೆ ನಾರು. ನಳಿಗೆಯ ಕೆಳಗೆ ಸಿಕ್ಕಿಸಿರುವ ಉದ್ದನೆಯ ಕಬ್ಬಿಣದ ಕಡ್ಡಿಯಿಂದ, ಗಜದಿಂದ, ಅಷ್ಟನ್ನೂ ಜಡಿಯಬೇಕು. ಕೊನೆಗೆ ಹಿಂದುಗಡೆಯ ಮೊಳೆಯ ಮೇಲೆ ಚಿಕ್ಕ ತಾಮ್ರದ ಕೇಪು ಕೂರಿಸಿದರೆ ತಯಾರು. ಬೆರಳು ಒತ್ತಿದರೆ ಕುದುರೆಯೆಂಬ ಕಬ್ಬಿಣದ ಕೊಕ್ಕು ಬಂದು ಕೇಪಿಗೆ ಬಡಿಯುತ್ತದೆ, ಕಿಡಿ ಒಳಗೆ ಹೋಗುತ್ತದೆ. ಹಾಲೇಶಪ್ಪನ ಕೈ ಮೂವತ್ತನೆಯ ವಯಸ್ಸಿನಿಂದಲೇ ನಡುಗುತ್ತಿತ್ತು. ಮದ್ದು ಸುರಿಯಲು ಹೋದರೆ ಅರ್ಧ ನೆಲದ ಪಾಲು. ಹಾಗಾಗಿ ಮನೆಯಲ್ಲಿ ಕೋವಿ ತುಂಬುವ ಕೆಲಸ, ಹೊಡೆಯದೆ ಉಳಿದ ಮದ್ದನ್ನು ಹೊರಗೆ ತೆಗೆಯುವ ಕೆಲಸ, ಎರಡೂ ಉಚ್ಚಂಗೆಮ್ಮನದೇ ಆಗಿತ್ತು. ಅವನದು ಹೊಡೆಯುವುದಷ್ಟೇ. ತೆನೆ ಕಾಲದಲ್ಲಿ ಅವರ ಮನೆಯ ಕೋವಿ ಸದಾ ತುಂಬಿಯೇ ಇರುತ್ತಿತ್ತು, ಕೇಪು ಮಾತ್ರ ಹಾಲೇಶಪ್ಪನ ಅಂಗಿಯ ಜೇಬಿನಲ್ಲಿ. ಸುತ್ತಲ ಹಳ್ಳಿಗಳಲ್ಲೂ ಅದೇ ರೂಢಿ. ಯಾರಾದರೂ "ಖಾಲಿ ಐತೇನಪ್ಪಾ?" ಎಂದರೆ "ಕೇಪಿಲ್ಲ" ಎನ್ನುತ್ತಾರೆ. ಕೇಳಿದವನಿಗೂ ಅಷ್ಟೇ ಸಾಕು.

ಹದಿನೆಂಟು ತಿಂಗಳ ಹಿಂದೆ ಚುನಾವಣೆ ಬಂತು. ಚುನಾವಣೆ ಬಂದರೆ ಊರಿನ ಕೋವಿಗಳೆಲ್ಲ ಠಾಣೆಯಲ್ಲಿ ಠೇವಣಿ. ಬೇಸಿಗೆಯ ಜೋಳ ಹೊಲದಲ್ಲಿತ್ತು. ಸೋಮವಾರ ಸಂಜೆ ಉಚ್ಚಂಗೆಮ್ಮ ಕೋವಿ ತುಂಬಿ ಗೋಡೆಗೆ ಒರಗಿಸಿದ್ದಳು. ಮಂಗಳವಾರ ಬೆಳಿಗ್ಗೆ ಅವಳು ದನದ ಕೊಟ್ಟಿಗೆಯಲ್ಲಿದ್ದಾಗ ಹಾಲೇಶಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ಠಾಣೆಯಲ್ಲಿ "ಖಾಲಿನಾ?" ಅಂದಿರುತ್ತಾರೆ, ಇವನು "ಕೇಪಿಲ್ಲ" ಅಂದಿರುತ್ತಾನೆ. ಎರಡು ತಿಂಗಳಿಗೆ ಎದೆನೋವು ಬಂದು ಅವನೇ ಹೊರಟುಹೋದ. ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ, ಪಾತ್ರೆ ತೊಳೆಯುತ್ತ ಕೂತಿದ್ದಾಗ ಅವಳಿಗೆ ಇದ್ದಕ್ಕಿದ್ದಂತೆ ಹೊಳೆಯಿತು, ಆ ಮದ್ದನ್ನು ತಾನು ತೆಗೆದೇ ಇಲ್ಲ ಎಂದು. ಹೇಳಿದರೆ ತುಂಬಿದ ಕೋವಿ ಠಾಣೆಗೆ ಕೊಟ್ಟ ಕೇಸು, ಪರವಾನಗಿ ಕನಸಿನ ಮಾತು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಕೋವಿ ಮನೆಗೆ ಬಂದ ದಿನ ತಾನೇ ತೆಗೆದುಬಿಡಬಹುದು. ಅವಳು ಹೇಳಲಿಲ್ಲ.

ಅವತ್ತು ಬೆಳಿಗ್ಗೆ ಮೈದುನ ನಿಂಗರಾಜ್‌ನ ಬೈಕಿನಲ್ಲಿ ಬರುವಾಗ, ನ್ಯಾಮತಿ ದಾಟಿದ ಮೇಲೆ ತಡೆಯಲಾಗದೆ ಅವನ ಕಿವಿಗೆ ಹಾಕಿದ್ದಳು. ನಿಂಗರಾಜ್ ಬೈಕು ಪಕ್ಕಕ್ಕೆ ನಿಲ್ಲಿಸಿಯೇಬಿಟ್ಟ.

"ಅತ್ಗೆ, ನಿಮ್ ಕೈ ಮುಗಿತೀನಿ. ವರ್ಸದ್ ಮ್ಯಾಲೆ ಬಾಯಿ ಮುಚ್ಕಂಡಿದ್ದೀರಿ, ಇನ್ನೊಂದ್ ದಿನ ಮುಚ್ಕಳ್ರಿ. ಸಹಿ ಹಾಕಿಸ್ಕಂಡು ಬಂದ್ಬಿಡಾನ."

"ಯಾರಾದ್ರೂ ಅದನ್ನ ಮುಟ್ಟಿದ್ರೆ?"

"ಯಾರ್ ಮುಟ್ತಾರ್ರೀ ಆ ತುಕ್ಕಿಡಿದಿದ್ದನ್ನ!"

ಈಗ ನೋಡಿದರೆ ಆ ಓಂಕಾರ್ ಅದನ್ನೇ ಎತ್ತಿ ಹಿಡಿದಿದ್ದಾನೆ. ಮೇಜಿನ ಮೇಲೆ ಒಟ್ಟು ಏಳು ಕೋವಿಗಳಿದ್ದವು, ನಂಬರು ತಾಳೆ ನೋಡಲೆಂದು ಹೆಡ್ ಕಾನ್‌ಸ್ಟೇಬಲ್ ಮಹಾಂತೇಶ್ ತನ್ನ ಠಾಣೆಯಲ್ಲಿದ್ದವನ್ನಷ್ಟೇ ಜೀಪಿನಲ್ಲಿ ತಂದಿದ್ದ. ಏಳೂ ಸತ್ತವರವು, ಏಳೂ ಕೇಪಿನವು, ಏಳರ ಮೂತಿಯೂ ಜನರ ಕಡೆಗೆ. ಓಂಕಾರ್‌ಗೆ ಏಳರಲ್ಲಿ ಕೈಗೆ ಸಿಕ್ಕಿದ್ದು ಇದೇ ಆಗಬೇಕೆ! ಅವನು ಅದನ್ನು ಮತ್ತೆ ಮೇಜಿನ ಮೇಲೆ ಇಡುವವರೆಗೂ ಉಚ್ಚಂಗೆಮ್ಮ ಅದರ ಮೂತಿಯಿಂದ ಕಣ್ಣು ತೆಗೆಯಲಿಲ್ಲ.

ಓಂಕಾರ್ ದಾವಣಗೆರೆಯಿಂದ ಬಂದಿದ್ದ ತರಬೇತುದಾರ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಖಾಕಿ ಅಂಗಿ, ಜೇಬಿನ ಮೇಲೆ ಎರಡು ಬಿಲ್ಲೆ. ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಗೆದ್ದವನಂತೆ, ಅದನ್ನು ಅವನೇ ಬೆಳಗಿನಿಂದ ಮೂರು ಸಲ ಹೇಳಿದ್ದ. ಮಾತು ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಗೋಡೆಯ ಮೇಲೆ ಚಿತ್ರ ಬಿಟ್ಟು ಒಂದೊಂದನ್ನೇ ಬಿಡಿಸಿ ಹೇಳಿದ.

"ಮೊದಮೊದಲು ಉರಿಯೋ ಬತ್ತಿಯಿಂದ ಮದ್ದಿಗೆ ಬೆಂಕಿ ಮುಟ್ಟಿಸಬೇಕಿತ್ತು. ಮಳೆ ಬಂತು, ಬತ್ತಿ ಆರಿತು, ಯುದ್ಧಾನೂ ನಿಂತಿತು. ಆಮೇಲೆ ಚಕಮಕಿ ಕಲ್ಲು ಬಂತು. ಕಲ್ಲು ಉಕ್ಕಿಗೆ ಉಜ್ಜಿ ಕಿಡಿ. ಅದೂ ನೆನೆದ್ರೆ ಕೈ ಕೊಡ್ತಿತ್ತು. ಆಮೇಲೆ ಈ ಕೇಪು. ಆಮೇಲೆ ಬಂತು ನೋಡಿ ತೋಟಾ! ಕೇಪು, ಮದ್ದು, ಗುಂಡು ಮೂರೂ ಒಂದೇ ಕೊಳವೆಯಲ್ಲಿ. ಕೋವಿ ಹಿಂದುಗಡೆಯಿಂದ ಮುರಿ, ತೋಟಾ ಇಡು, ಮುಚ್ಚು, ಹೊಡಿ. ನಳಿಗೆಯ ಒಳಗೆ ಸುರುಳಿ ಗೀರು ಹಾಕಿದ ಮೇಲೆ ಗುಂಡು ತಿರುಗ್ತಾ ಹೋಗಿ ದೂರದ ಗುರಿನೂ ತಪ್ಪದ ಹಾಗಾಯ್ತು. ಇದೆಲ್ಲ ಆಗಿ ನೂರೈವತ್ತು ವರ್ಷದ ಮೇಲಾಯ್ತು. ನೀವು ಮಾತ್ರ ಇನ್ನೂ ಕೇಪಿನಲ್ಲೇ ನಿಂತಿದ್ದೀರಿ."

"ನಿಂತಿಲ್ಲ ಸಾರ್, ಕೂತೀವಿ," ಎಂದ ಮೊದಲ ಸಾಲಿನ ದುರುಗಣ್ಣ. ಅವನು ಜಗಳೂರಿನ ಕಡೆಯವನು, ದಪ್ಪ ಮೀಸೆಯ ಆಳು, ಬೆಳಿಗ್ಗೆ ಉಚ್ಚಂಗೆಮ್ಮನಿಗೆ ಎಲೆಯಡಿಕೆ ಕೊಟ್ಟು ತನ್ನ ಶೇಂಗಾ ಹೊಲಕ್ಕೆ ಬರುವ ಕರಡಿಯ ಕಥೆಯನ್ನು ಅರ್ಧ ಗಂಟೆ ಹೇಳಿದ್ದ. ಜನ ಗೊಳ್ಳೆಂದರು.

ಓಂಕಾರ್ ನಗಲಿಲ್ಲ. "ನಾನು ಹೇಳೋದಿಷ್ಟು. ಈ ಹಳೇ ಕಬ್ಬಿಣ ಬಿಟ್ಟುಬಿಡಿ. ನಾಶಕ್ಕೆ ಒಪ್ಪಿಗೆ ಅಂತ ಬರೆದುಕೊಡಿ, ತೋಟಾ ಕೋವಿಗೆ ಹೊಸದಾಗಿ ಅರ್ಜಿ ಹಾಕಿ. ಯಾಕಮ್ಮಾ, ನೀವು ತಲೆ ಅಲ್ಲಾಡಿಸ್ತಿದ್ದೀರಿ?"

ಕೇಳಿದ್ದು ಉಚ್ಚಂಗೆಮ್ಮನನ್ನು. ನಿಂಗರಾಜ್ ಪಕ್ಕದಿಂದ ಮೊಣಕೈ ತಿವಿದ. ಆದರೆ ಅವಳಿಗೆ ಅರ್ಜಿ ಎಂಬ ಮಾತು ಕಿವಿಗೆ ಬಿದ್ದದ್ದೇ ಮೈ ಉರಿದುಹೋಗಿತ್ತು. ಎದ್ದು ನಿಂತಳು.

"ಹೊಸ ಅರ್ಜಿ ಹಾಕಿ, ಅದು ಬರಾ ಹೊತ್ತಿಗೆ ನಾನೂ ನಮ್ಮೆಜಮಾನ್ರ ಪಕ್ದಾಗೆ ಮಲ್ಗಿರ್ತೀನ್ರಿ. ಅಲ್ಲಾ, ತೋಟಾ ಎಲ್ಲಿ ಸಿಗ್ತಾವೆ?"

"ಪೇಟೆಯಲ್ಲಿ. ಅಂಗಡಿಯಲ್ಲಿ."

"ತೋಟಾ ಮುಗ್ದಿದ್ ದಿನ ಹಂದಿ ಬಂದ್ರೆ ಏನನ್ಬೇಕು? ಅಂಗ್ಡಿ ತೆಗೀಲಿ, ನಾಳೆ ಬಾ ಅನ್ಬೇಕಾ? ನೀವೇ ಅಂದ್ರಲ್ಲ, ಬತ್ತಿ ಮಳೀಗೆ ಆರ್ತಿತ್ತು, ಕಲ್ಲು ನೆನೀತಿತ್ತು ಅಂತ. ಕೇಪು ನೆನ್ಯಾಕಿಲ್ಲ. ಹಂದಿ ಬರಾದೂ ಜಡಿಮಳ್ಯಾಗೇ. ಹೊಲಕ್ಕೆ ಏನ್ ಬೇಕೋ ಅದು ಕೇಪ್ ಬಂದಾಗ್ಲೇ ಬಂದ್ಬಿಡ್ತು. ಅದ್ರಿಂದೀಚಿಗೆ ಬಂದಿದ್ದೆಲ್ಲ ಮನುಷ್ಯ ಮನುಷ್ಯರ್ನ ಹೊಡ್ಯಾಕೆ ಬಂದಿದ್ದು. ನಮ್ಗೇನು ಆಗ್ಬೇಕೈತ್ರಿ ಅದ್ರಿಂದ?"

ಯಾರೋ ಚಪ್ಪಾಳೆ ತಟ್ಟಿದರು. ಉಚ್ಚಂಗೆಮ್ಮನಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಹದಿನಾರು ತಿಂಗಳಿಂದ ಎಲ್ಲರೂ ಅವಳಿಗೆ ಹೇಳುತ್ತ ಬಂದಿದ್ದರು, ಒಂದು ಸಲ ಅವಳು ಹೇಳಿದ್ದಳು. ಆ ಖುಷಿ ಒಂದು ನಿಮಿಷವೂ ಉಳಿಯಲಿಲ್ಲ. ಓಂಕಾರ್‌ನ ಕಿವಿ ಕೆಂಪಾಗಿತ್ತು. ಅವನು ಮತ್ತೆ ಮೇಜಿನ ಹತ್ತಿರ ಹೋಗಿ ಅದೇ ಕೋವಿಯನ್ನು ಎತ್ತಿಕೊಂಡ.

"ಆಯ್ತಮ್ಮ. ಕೇಪಿನ ಮಹಿಮೆ ಎಲ್ಲರೂ ನೋಡಲಿ. ಬರೀ ಕೇಪು ಹಾರಿಸಿ ತೋರಿಸ್ತೀನಿ, ಚಟ್ ಅನ್ನುತ್ತೆ ಅಷ್ಟೆ, ದೀಪಾವಳಿಗೆ ಮಕ್ಕಳು ಹೊಡೆಯೋ ಪಿಸ್ತೂಲಿನ ಹಾಗೆ. ಮಹಾಂತೇಶ್, ಇದು ಖಾಲಿ ತಾನೆ?"

"ಖಾಲಿ ಸಾರ್. ಚೆಕ್ ಮಾಡೇ ಇಟ್ಟಿರಾದು, ರಿಜಿಸ್ಟರ್‌ನಾಗೆ ನನ್ ಸಹಿ ಐತೆ."

ಓಂಕಾರ್ ಮೊಳೆಯನ್ನು ಬಗ್ಗಿ ನೋಡಿದ. ಕೇಪಿರಲಿಲ್ಲ. ಅವನಿಗೂ ಅಷ್ಟೇ ಸಾಕಾಯಿತು. ಅವನು ಜೀವಮಾನವೆಲ್ಲ ಹಿಡಿದದ್ದು ಹಿಂದಿನಿಂದ ಮುರಿದು ಒಳಗೆ ಇಣುಕಿ ನೋಡುವ ಕೋವಿ. ತೋಟಾ ಇದ್ದರೆ ಕಣ್ಣಿಗೇ ಕಾಣುತ್ತದೆ. ಕೇಪಿನ ಕೋವಿಯನ್ನು ಮುರಿಯಲಿಕ್ಕಾಗದು, ಅದರ ಹೊಟ್ಟೆಯಲ್ಲಿ ಏನಿದೆಯೆಂದು ಗಜ ಇಳಿಸಿಯೇ ತಿಳಿಯಬೇಕು. ಬತ್ತಿಯಿಂದ ತೋಟಾದವರೆಗೆ ಅಷ್ಟೆಲ್ಲ ವಿದ್ಯೆ ಹೇಳಿದವನಿಗೆ ಇದೊಂದು ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಹುಂಬತನದಲ್ಲಿ ಮರೆತ. ತನ್ನ ಪೆಟ್ಟಿಗೆಯಿಂದ ಒಂದು ಕೇಪು ತೆಗೆದು ಮೊಳೆಗೆ ಒತ್ತಿದ. ಕುದುರೆ ಎಳೆದ. ಕೋವಿಯನ್ನು ಸೊಂಟದ ಮಟ್ಟಕ್ಕೆ ಹಿಡಿದು ಜನರತ್ತ ತಿರುಗಿದ. ಮೂತಿಯ ಎದುರಿಗೆ ನಾಲ್ಕು ಮಾರು ದೂರದಲ್ಲಿ ದುರುಗಣ್ಣ ಕಾಲಮೇಲೆ ಕಾಲು ಹಾಕಿ, ಮೀಸೆ ತೀಡುತ್ತ, ತಮಾಷೆ ನೋಡಲು ಕೂತಿದ್ದ.

"ಅತ್ಗೆ, ಬ್ಯಾಡ," ಎಂದ ನಿಂಗರಾಜ್ ಪಿಸುದನಿಯಲ್ಲಿ. ಅವಳ ಸೆರಗು ಹಿಡಿದೆಳೆದ. "ಹಳೇ ಮದ್ದು, ತಂಡಿ ಹಿಡ್ದಿರ್ತೈತೆ, ಹಾರಲ್ಲ. ಕೂತ್ಕಳ್ರಿ."

ಹಾರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳು ತುಂಬಿದ್ದು ಒಂದೂ ಹಾರದೆ ಉಳಿದದ್ದಿಲ್ಲ.

"ಏಯ್! ಇಳ್ಸೋ ಅದನ್ನ!"

ಸಮುದಾಯ ಭವನದ ತಗಡಿನ ಮಾಡು ಅದುರುವಂಥ ದನಿ. ಹಂದಿಗಳ ಮೇಲೆ ಒಂದು ವರ್ಷ ಕೂಗಿ ಹದವಾದ ಗಂಟಲು. ಓಂಕಾರ್ ಬೆಚ್ಚಿ ನೋಡುವಷ್ಟರಲ್ಲಿ ಅವಳು ಕುರ್ಚಿಗಳನ್ನು ತಳ್ಳಿಕೊಂಡು ಬಂದು ನಳಿಗೆಯ ಕೆಳಗೆ ಅಂಗೈ ಕೊಟ್ಟು ಮೂತಿಯನ್ನು ಮೇಲಕ್ಕೆ ದಬ್ಬಿದ್ದಳು. ಇನ್ನೊಂದು ಕೈಯ ಹೆಬ್ಬೆರಳು ಆಗಲೇ ಕುದುರೆಯನ್ನು ಹಿಂದಕ್ಕೆ ಒತ್ತಿ ಹಿಡಿದಿತ್ತು.

"ಬೆರ್ಳ್ ತೆಗಿ. ಬೆರ್ಳ್ ತೆಗಿ ಅಂದೆ! ಮದ್ದೈತೆ ಇದ್ರಾಗೆ."

"ಏನಮ್ಮ ಇದು, ತಲೆ ಕೆಟ್ಟಿದೆಯಾ? ಖಾಲಿ ಅಂತ..."

"ನಾನ್ ತುಂಬಿರಾದು, ನಂಗೊತ್ತಿಲ್ವಾ?"

ಕೋವಿ ಅವಳ ಕೈಗೆ ಬಂತು. ಅವಳು ಕೇಪನ್ನು ಉಗುರಿನಿಂದ ಎಬ್ಬಿಸಿ ಸೊಂಟಕ್ಕೆ ಸಿಕ್ಕಿಸಿದಳು, ಕುದುರೆಯನ್ನು ಮೆಲ್ಲಗೆ ಇಳಿಸಿದಳು. ಗಜ ಎಳೆದು ಮೊದಲು ನಳಿಗೆಯ ಹೊರಗೆ ಪಕ್ಕದಲ್ಲಿಟ್ಟು, ತಳದಿಂದ ಬಾಯಿಯವರೆಗೆ ಎಷ್ಟೆಂದು ಹೆಬ್ಬೆರಳಲ್ಲಿ ಗುರುತು ಹಿಡಿದಳು. ಆಮೇಲೆ ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಗಜವನ್ನು ಒಳಗೆ ಬಿಟ್ಟಳು. ಖಾಲಿ ಕೋವಿಯಲ್ಲಾದರೆ ಕಬ್ಬಿಣಕ್ಕೆ ಕಬ್ಬಿಣ ಬಡಿದು ಟಣ್ ಎನ್ನಬೇಕು. ಇದು ದಬ್ ಎಂದಿತು. ಹೆಬ್ಬೆರಳು ಬಾಯಿಂದ ನಾಲ್ಕು ಬೆರಳು ಮೇಲೆಯೇ ನಿಂತಿತು.

ದುರುಗಣ್ಣ ಕಾಲಿನ ಮೇಲಿನ ಕಾಲು ಇಳಿಸಿದ. "ಅಯ್ಯೋ ನನ್ನವ್ವಾ," ಎಂದ ಅಷ್ಟೆ.

ಮಹಾಂತೇಶ್ ಕೈಯಲ್ಲಿದ್ದ ಪೇಪರನ್ನು ಅವಳೇ ಕಸಿದು ನೆಲಕ್ಕೆ ಹಾಸಿದಳು. ಗಜದ ತುದಿಗಿದ್ದ ತಿರುಪನ್ನು ಒಳಗೆ ತಿರುವಿ ಎಳೆದಳು. ನಾರಿನ ಉಂಡೆ ಬಂತು. ಕೋವಿ ಬಗ್ಗಿಸಿದರೆ ಚರೆ ಪಟಪಟ ಉದುರಿತು. ಮತ್ತೆ ನಾರು. ಕೊನೆಗೆ ಕರಿಯ ಮದ್ದು ಜರ್ರನೆ ಸುರಿಯಿತು, ಒಂದು ಚೂರೂ ಗಂಟು ಕಟ್ಟಿರಲಿಲ್ಲ.

ನಿಂಗರಾಜ್‌ಗೆ ಕೂರಲಾಗಲಿಲ್ಲ. ಓಡಿ ಬಂದು ಅವಳಿಗೂ ಓಂಕಾರ್‌ಗೂ ನಡುವೆ ನಿಂತ. "ಸಾರ್, ನಮ್ಮಣ್ಣ ಮರ್ತು ಕೊಟ್ಟಿರಾದು ಸಾರ್. ಪಾಪ, ಅವ್ನೀಗ ಇಲ್ಲ. ನಮ್ಮತ್ಗೀಗೂ ಇದ್ಕೂ ಏನೂ ಸಂಬಂಧಿಲ್ಲ."

ಒಳ್ಳೆಯ ಮಾತೇ. ಸತ್ತವನ ಮೇಲೆ ಯಾರು ಕೇಸು ಹಾಕುತ್ತಾರೆ? ಹಾಲೇಶಪ್ಪ ಇದ್ದಿದ್ದರೆ ಅವನೇ "ಹಂಗೇ ಅನ್ನು ಮಾರಾಯ್ತಿ" ಎನ್ನುತ್ತಿದ್ದ, ಅಂಥ ಮನುಷ್ಯ ಅವನು. ಅದು ನೆನಪಾಗಿಯೇ ಅವಳಿಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟೂ ಬಂತು.

"ನಿಂಗ್ರಾಜ, ಸುಮ್ಕಿರು. ನಿಮ್ಮಣ್ಣನ ಕೈಲಿ ಒಂದ್ ಚಮಚ ಮದ್ದು ಹಾಕಾಕೆ ಬರ್ತಿರ್ಲಿಲ್ಲ, ಊರಿಗೇ ಗೊತ್ತೈತೆ. ಮೂವತ್ತು ವರ್ಸದಿಂದ ತುಂಬಿದಾಕಿ ನಾನು. ತೆಗೀದೆ ಬಿಟ್ಟಾಕೀನೂ ನಾನೇ. ಗೊತ್ತಾದ್ಮ್ಯಾಲೂ ಹೇಳ್ದೆ ಇದ್ದಾಕಿ ನಾನೇ."

ಓಂಕಾರ್ ಒಂದು ಲೋಟ ನೀರು ಕುಡಿದ. ಅವನು ದಡ್ಡನಲ್ಲ. ಈ ಹೆಂಗಸಿನ ತಪ್ಪನ್ನು ಬರೆದರೆ ಅದರ ಪಕ್ಕದಲ್ಲೇ ಗಜ ಹಾಕದೆ ಕೇಪು ಹಾಕಿದವನ ಹೆಸರೂ ಬರುತ್ತದೆ, ಖಾಲಿ ಎಂದು ಸಹಿ ಮಾಡಿದವನದೂ ಬರುತ್ತದೆ ಎಂಬುದು ಅವನಿಗೆ ನೀರು ಗಂಟಲಿಗಿಳಿಯುವ ಮೊದಲೇ ಹೊಳೆದಿತ್ತು. ಅವಳನ್ನು ಮೇಜಿನ ಮೂಲೆಗೆ ಕರೆದ. ದನಿ ಈಗ ಬೆಣ್ಣೆಯಾಗಿತ್ತು.

"ನೋಡಿ ತಾಯಿ, ಯಾರಿಗೂ ಏನೂ ಆಗಿಲ್ಲ. ದೇವರು ದೊಡ್ಡವನು. ಇದನ್ನ ಇಲ್ಲಿಗೆ ಬಿಟ್ಟುಬಿಡೋಣ. ಆ ಪೇಪರ್ ಸುತ್ತಿ ಚರಂಡಿಗೆ ಹಾಕಿಸ್ತೀನಿ." ಫೈಲಿನಿಂದ ಅವಳ ಸರ್ಟಿಫಿಕೇಟು ತೆಗೆದ, ಎಲ್ಲರ ಎದುರಿಗೇ ಸಹಿ ಹಾಕಿದ, ಮೇಲೆ ಸೀಲೂ ಒತ್ತಿದ. "ತಗೊಳ್ಳಿ. ಮಧ್ಯಾಹ್ನದ ಬಸ್ಸಿಗೆ ಹೊರಡಿ. ವಾರದಲ್ಲಿ ನಿಮ್ಮ ಕೋವಿ ನಿಮ್ಮ ಮನೇಲಿರುತ್ತೆ."

ಸೀಲಿನ ಮಸಿ ಇನ್ನೂ ಹಸಿಯಾಗಿತ್ತು. ಉಚ್ಚಂಗೆಮ್ಮ ಕಾಗದವನ್ನು ನೋಡಿದಳು. ಅದರ ಮೇಲೆ ಅವಳ ಹೆಸರು, ಗಂಡನ ಹೆಸರು, ಊರು, ಎಲ್ಲ ತಪ್ಪಿಲ್ಲದೆ ಇತ್ತು. ಮೂರು ಎಕರೆ ಇತ್ತು ಅದರಲ್ಲಿ, ಈ ವರ್ಷದ ತೆನೆಯೆಲ್ಲ ಇತ್ತು. ಕೈ ಚಾಚಿದಳು. ಚಾಚುವಾಗ ಮೇಜಿನ ಮೇಲಿನ ಉಳಿದ ಆರು ಕೋವಿಗಳು ಕಣ್ಣಿಗೆ ಬಿದ್ದವು. ಆರೂ ಹಳ್ಳಿಯವು, ಆರೂ ಚುನಾವಣೆಗೆ ಬಂದವು, ಆರು ಮಂದಿಯೂ ಠಾಣೆಯ ಮೆಟ್ಟಿಲ ಮೇಲೆ ನಿಂತು "ಕೇಪಿಲ್ಲ" ಎಂದವರೇ.

"ಇವಕ್ಕೆ ಗಜ ಹಾಕೀರಾ?" ಎಂದು ಕೇಳಿದಳು.

ಮಹಾಂತೇಶ್ ಮುಖ ನೆಲಕ್ಕೆ ಹಾಕಿದ. ಇನ್ನು ನಾಲ್ಕು ವರ್ಷಕ್ಕೆ ನಿವೃತ್ತಿಯಾಗುವ ಮನುಷ್ಯ, ಕೆಟ್ಟವನಲ್ಲ. ಹಾಲೇಶಪ್ಪ ಸತ್ತಾಗ ಮಣ್ಣಿಗೂ ಬಂದಿದ್ದ. "ಅಮ್ಮಾ, ಆರ್ಕೂ ನಂದೇ ಸಹಿ ಐತೆ," ಎಂದ, ಅವಳಿಗೆ ಮಾತ್ರ ಕೇಳುವಂತೆ. "ಖಾಲಿ ಅಂತ ಬರ್ದೀನಿ. ಈಗ ಬ್ಯಾಡಮ್ಮಾ. ಠಾಣೇಲಿ ನಾನೇ ನಿಧಾನಕ್ಕೆ ನೋಡ್ಕೊತೀನಿ."

"ನಿಮಗೆ ತೆಗ್ಯಾಕೆ ಬರ್ತೈತಾ?"

ಮಹಾಂತೇಶ್ ರಿಜಿಸ್ಟರನ್ನು ಕಂಕುಳಿಗೆ ಸೇರಿಸಿದ.

"ನೀವೆಲ್ಲಿ ಕೂತು ಬರೀತೀರಿ ಠಾಣ್ಯಾಗೆ? ಈ ಕೋವಿ ಇಡಾ ಕ್ವಾಣೆ ಎದ್ರಿಗೇ ಅಲ್ವಾ?"

ಉಚ್ಚಂಗೆಮ್ಮ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಎರಡನೆಯ ಕೋವಿಗೆ ಕೈ ಹಾಕಿದಳು.

"ತಾಯಿ!" ಓಂಕಾರ್‌ನ ದನಿಯಿಂದ ಬೆಣ್ಣೆ ಇಳಿದುಹೋಯಿತು. "ಅದು ನಿಮ್ಮದಲ್ಲ. ಪರವಾನಗಿ ಇಲ್ಲದೆ ಬೇರೆಯವರ ಆಯುಧ ಮುಟ್ಟೋದು ಅಪರಾಧ. ಅದನ್ನ ಎತ್ತಿದ್ರೆ ಈ ಸರ್ಟಿಫಿಕೇಟು ಇಲ್ಲೇ ಹರಿದುಹಾಕ್ತೀನಿ. ಮತ್ತೆ ಈ ಜನ್ಮದಲ್ಲಿ ನಿಮಗೆ ಕೋವಿ ಸಿಗಲ್ಲ."

"ಅತ್ಗೆ!" ಎಂದು ನಿಂಗರಾಜ್ ಅಂಗಲಾಚಿದ. "ತಗಳ್ರಿ, ಹೋಗಾನ. ಹೊಲ ನೆನಸ್ಕಳ್ರಿ!"

ಹೊಲ ನೆನೆಸಿಕೊಂಡಳು. ಅದೇನು ನೆನಪಿಸಬೇಕಾದ ವಿಷಯವೇ? ಆಳೆತ್ತರ ಬೆಳೆದು ನಿಂತ ಪೈರು ಕಣ್ಣ ಮುಂದೆಯೇ ಇತ್ತು. ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕಾಪಾಡಿದ್ದು ಇದಕ್ಕಾಗಿಯೇ ಅಲ್ಲವೇ? ಇನ್ನೊಂದು ಸಲ ಮುಚ್ಚಿಕೊಂಡರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಈಗ ತಾನೆ ದುರುಗಣ್ಣನ ಎದೆಗೆ ನೇರವಾಗಿ ನಿಂತ ಮೂತಿಯನ್ನು ಅವಳು ನೋಡಿದ್ದಳು. ನೋಡಿದ್ದನ್ನು ನೋಡಿಲ್ಲ ಎನ್ನಲು ಅವಳಿಗೆ ಇನ್ನು ಆಗುವ ಹಾಗಿರಲಿಲ್ಲ.

"ಹರೀರಿ," ಎಂದಳು.

"ಏನು?"

"ಹರೀರಿ ಅಂದ್ರೆ ಹರೀರಿ. ಕಾಗ್ದ ಹಂದಿ ಓಡ್ಸಾಕಿಲ್ಲ. ಕೂಗಾಕೆ ಗಂಟ್ಲೈತೆ ನಂಗೆ."

ಓಂಕಾರ್ ಹರಿದ. ಅಡ್ಡಕ್ಕೆ ಒಂದು ಸಲ, ಉದ್ದಕ್ಕೆ ಒಂದು ಸಲ. ಅವಳು ಆ ಕಡೆ ತಿರುಗಿ ನೋಡಲಿಲ್ಲ, ಸದ್ದು ಮಾತ್ರ ಕೇಳಿದಳು. ಕಣ್ಣು ಮಂಜಾಯಿತು, ತೋಳಿನಿಂದ ಒರೆಸಿಕೊಂಡಳು. ಕೋವಿಯನ್ನು ನೆಟ್ಟಗೆ ನಿಲ್ಲಿಸಿ, ಗಜವನ್ನು ಹೊರಗಿಟ್ಟು ಅಳೆದು, ಒಳಗೆ ಬಿಟ್ಟಳು.

ಟಣ್.

"ಖಾಲಿ," ಎಂದಳು, ಪಕ್ಕಕ್ಕಿಟ್ಟಳು.

"ನೋಡಿದ್ರಾ?" ಎಂದ ಓಂಕಾರ್ ಜನರತ್ತ ತಿರುಗಿ. "ಸುಮ್ಮನೆ ಗಾಬರಿ ಹುಟ್ಟಿಸೋದು!" ಎಲ್ಲರ ಕಣ್ಣೂ ಅವಳ ಹೆಬ್ಬೆರಳಿನ ಮೇಲಿತ್ತು.

ಮೂರನೆಯದೂ ಟಣ್ ಎಂದಿತು. ನಾಲ್ಕನೆಯದರ ಗಜ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ದುರುಗಣ್ಣ ಎದ್ದು ಬಂದು ಎಳೆದುಕೊಟ್ಟ. ಅದೂ ಖಾಲಿ. ಓಂಕಾರ್ ಪೆಟ್ಟಿಗೆಯ ಮುಚ್ಚಳ ಹಾಕಿ ಬೀಗ ಜಡಿದ. "ಕಾರ್ಯಕ್ರಮ ಮುಗೀತು, ಎಲ್ಲರೂ ಹೊರಡಿ," ಎಂದ. ಒಬ್ಬರೂ ಏಳಲಿಲ್ಲ.

ಐದನೆಯ ಕೋವಿಯಲ್ಲಿ ಗಜ ದಬ್ ಎಂದು ನಿಂತಿತು. ಹೆಬ್ಬೆರಳು ಬಾಯಿಂದ ಒಂದು ಗೇಣು ಮೇಲಿತ್ತು. ಯಾರೋ ಹೆದರಿದ ಮನುಷ್ಯ ಒಂದರ ಮೇಲೊಂದು ಎರಡು ಸಲ ತುಂಬಿಟ್ಟಿದ್ದ.

ಆಗ ಜನ ಎದ್ದರು. ಚನ್ನಗಿರಿಯವರು, ಜಗಳೂರಿನವರು, ಎಲ್ಲ ತಮ್ಮ ತಮ್ಮ ಪ್ಲಾಸ್ಟಿಕ್ ಕುರ್ಚಿಗಳನ್ನು ಎತ್ತಿಕೊಂಡು, ಮೇಜನ್ನು ಬಳಸಿ ಉಚ್ಚಂಗೆಮ್ಮನ ಬೆನ್ನ ಹಿಂದೆ ಬಂದು ಕೂತರು. ನಿಂಗರಾಜ್ ಎರಡು ಕುರ್ಚಿ ತಂದ. ಮೇಜಿನ ಆಚೆ, ಇನ್ನೂ ಗಜ ಹಾಕದ ಎರಡು ಮೂತಿಗಳ ಎದುರಿಗೆ, ಓಂಕಾರ್ ಒಬ್ಬನೇ ಪೆಟ್ಟಿಗೆ ಹಿಡಿದು ನಿಂತಿದ್ದ. ಸ್ವಲ್ಪ ಹೊತ್ತಿಗೆ ಅವನೂ ಗೋಡೆಯ ಕಡೆಗೆ ಸರಿದ.

ಮಹಾಂತೇಶ್ ರಿಜಿಸ್ಟರ್ ಬಿಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡ. ಪೆನ್ನಿನ ಮುಚ್ಚಳ ತೆಗೆಯಲು ಅವನಿಗೆ ತುಂಬ ಹೊತ್ತು ಹಿಡಿಯಿತು.

"ಈ ಕೋವಿ ನಂಬರ್ ಹೇಳ್ರಿ, ಬರ್ಕೊತೀನಿ," ಎಂದ.

"ಇದು ಆಮ್ಯಾಲೆ," ಎಂದಳು ಉಚ್ಚಂಗೆಮ್ಮ ತಿರುಪನ್ನು ನಳಿಗೆಯೊಳಗೆ ತಿರುವುತ್ತ. "ಮೊದ್ಲು ನಂದು ಬರ್ಕಳ್ರಿ."